ಅಂಟಲೂ ಬೇಕು, ಬಿಡಲೂ ಬೇಕು: ಕಾರಿನ ಗ್ರಿಲ್ ಮೇಲೆ ರಬ್ಬರ್ ಲೇಪ

ಕಾರಿನ ಮುಂಭಾಗದಲ್ಲಿ, ಎರಡು ಹೆಡ್‌ಲೈಟುಗಳ ನಡುವೆ ಇರುವ ಜಾಲರಿಗೆ ಗ್ರಿಲ್ ಎಂದು ಹೆಸರು. ರೇಡಿಯೇಟರಿಗೆ ಗಾಳಿ ಬಿಡುವುದು, ರಸ್ತೆಯ ಕಲ್ಲು, ಕಸಕಡ್ಡಿ ಒಳನುಗ್ಗದಂತೆ ತಡೆಯುವುದು ಅದರ ಕೆಲಸ. ಆದರೆ ಕಾರನ್ನು ಎದುರಿನಿಂದ ನೋಡುವವರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಹೀಗಾಗಿ ಗ್ರಿಲ್ ಕಾರಿನ ಮುಖವಾಯಿತು. ಆ ಮುಖಕ್ಕೆ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಲೇಪನ ಬಂತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಗ್ರಿಲ್ಲುಗಳನ್ನು ನೋಡಿದವರಿಗೆ ಈ ಹೊಳಪಿನ ಪರಿಚಯವಿದೆ.

ಎಲ್ಲರಿಗೂ ಈ ಹೊಳಪು ಇಷ್ಟವಾಗುವುದಿಲ್ಲ. ಕೆಲವರು ಗ್ರಿಲ್ ಕಪ್ಪಗಿರಲಿ ಎಂದು ಬಯಸುತ್ತಾರೆ. ಅದಕ್ಕೆ ಮೂರು ದಾರಿಗಳಿವೆ. ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ, ಮೇಲೆ ಬಣ್ಣ ಹೊಡೆಯುವುದು ಒಂದು. ಗ್ರಿಲ್ಲನ್ನೇ ಬದಲಿಸುವುದು ಇನ್ನೊಂದು. ಮೂರನೆಯದು, ಡಬ್ಬಿಯಿಂದ ಸಿಂಪಡಿಸುವ ರಬ್ಬರಿನ ಲೇಪ. ಇದು ಒಣಗಿದ ಮೇಲೆ ಕಪ್ಪು ಚರ್ಮದಂತೆ ಗ್ರಿಲ್ಲಿಗೆ ಅಂಟಿಕೊಳ್ಳುತ್ತದೆ; ಬೇಡವಾದಾಗ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ತೆಗೆಯಬಹುದು. ಕೆಳಗಿನ ಕ್ರೋಮಿಯಂ ಇದ್ದ ಹಾಗೆಯೇ ಇರುತ್ತದೆ. ಇಂತಹ ಲೇಪಗಳಲ್ಲಿ ಹೆಸರಾದ ಪ್ಲಾಸ್ಟಿ ಡಿಪ್ ಹುಟ್ಟಿದ್ದು ಅಮೆರಿಕದಲ್ಲಿ. ಮೊದಲು ಅದು ಇಕ್ಕಳ, ಸ್ಪ್ಯಾನರುಗಳ ಹಿಡಿಗಳನ್ನು ಅದ್ದಿ ತೆಗೆಯುವ ರಬ್ಬರ್ ದ್ರವವಾಗಿತ್ತು; ಕಾರುಗಳ ಮೇಲೆ ಸಿಂಪಡಿಸುವ ಹವ್ಯಾಸ ಬೆಳೆದದ್ದು ಆಮೇಲೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿಗೂ ಮಳೆಗೂ ಜಗ್ಗದ ಲೇಪ, ಉಗುರಿನಿಂದ ಎತ್ತಿದರೆ ಬಂದುಬಿಡುವುದು ಹೇಗೆ? ಗಟ್ಟಿಯಾಗಿ ಅಂಟುವುದು, ಸುಲಭವಾಗಿ ಬಿಡುವುದು ಎರಡೂ ಒಂದಕ್ಕೊಂದು ವಿರುದ್ಧವಲ್ಲವೇ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಲೇಪ ಹಾಕುವ ಕ್ರಮ ತಾನಾಗಿಯೇ ಅರ್ಥವಾಗುತ್ತದೆ.

ಹೊಳಪಿನ ಕೆಳಗೆ ಏನಿದೆ?

ಕ್ರೋಮಿಯಂ ಲೋಹವನ್ನು ಕಂಡುಹಿಡಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ನಿಕೊಲಾ ವೊಕ್ಲಾಂ. ಸೈಬೀರಿಯದಿಂದ ಬಂದ ಕೆಂಪು ಖನಿಜವೊಂದರಲ್ಲಿ 1797ರಲ್ಲಿ ಇದು ಅವನಿಗೆ ಸಿಕ್ಕಿತು. ಅದರ ಸಂಯುಕ್ತಗಳು ಬಗೆಬಗೆಯ ಬಣ್ಣದವಾದ್ದರಿಂದ, ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರು ಬಂತು. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಈ ಲೋಹದ ಅದಿರಾದ ಕ್ರೋಮೈಟಿನ ಗಣಿಗಾರಿಕೆ ನಡೆದಿತ್ತು. ವಿದ್ಯುತ್ತಿನ ನೆರವಿನಿಂದ ಕ್ರೋಮಿಯಂ ಲೇಪಿಸುವ ವಿಧಾನ ಕಾರ್ಖಾನೆಗಳಿಗೆ ಒದಗಿದ್ದು 1920ರ ದಶಕದಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಅವರ ಕೆಲಸದಿಂದ. ಅದಕ್ಕೆ ಮೊದಲು ಕಾರುಗಳ ಹೊಳೆಯುವ ಭಾಗಗಳಿಗೆ ನಿಕಲ್ ಲೇಪನವಿರುತ್ತಿತ್ತು. ನಿಕಲ್ ಬೇಗ ಮಸುಕಾಗುತ್ತದೆ, ಆಗಾಗ ಉಜ್ಜುತ್ತಿರಬೇಕು. ಕ್ರೋಮಿಯಂಗೆ ಆ ತೊಂದರೆ ಇಲ್ಲ.

ನಾವು ಕ್ರೋಮ್ ಎಂದು ಕರೆಯುವುದು ಒಂದೇ ಪದರವಲ್ಲ. ಹಳೆಯ ಗ್ರಿಲ್ಲುಗಳಲ್ಲಿ ತಳದ ಲೋಹದ ಮೇಲೆ ನಿಕಲ್, ಕೆಲವೊಮ್ಮೆ ಅದರ ಕೆಳಗೆ ತಾಮ್ರ, ಎಲ್ಲಕ್ಕೂ ಮೇಲೆ ಕ್ರೋಮಿಯಂ ಇರುತ್ತದೆ. ಇಂದಿನ ಹೆಚ್ಚಿನ ಗ್ರಿಲ್ಲುಗಳ ತಳ ಲೋಹವೇ ಅಲ್ಲ, ಎ.ಬಿ.ಎಸ್. ಎಂಬ ಪ್ಲಾಸ್ಟಿಕ್. ಅದರ ಮೈಯನ್ನು ಆಮ್ಲದಿಂದ ಒರಟಾಗಿಸಿ, ಮೊದಲು ರಾಸಾಯನಿಕ ಕ್ರಿಯೆಯಿಂದ ತೆಳುವಾದ ಲೋಹದ ಪದರ ಕೂರಿಸಿ, ಆಮೇಲೆ ವಿದ್ಯುತ್ತಿನಿಂದ ತಾಮ್ರ, ನಿಕಲ್, ಕ್ರೋಮಿಯಂಗಳನ್ನು ಲೇಪಿಸುತ್ತಾರೆ. ಅಲಂಕಾರದ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತ ಹೆಚ್ಚಿರುವುದಿಲ್ಲ. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಕೂದಲಿನ ದಪ್ಪದಲ್ಲಿ ನೂರಕ್ಕೂ ಹೆಚ್ಚು ಕ್ರೋಮಿಯಂ ಪದರಗಳು ಹಿಡಿಸುತ್ತವೆ! ಉಪ್ಪುಕಾಗದದಿಂದ ನಾಲ್ಕು ಬಾರಿ ಬಲವಾಗಿ ಉಜ್ಜಿದರೂ ಈ ಪದರಕ್ಕೆ ಪೆಟ್ಟು ಬೀಳುತ್ತದೆ. ಒಮ್ಮೆ ಹೋದದ್ದನ್ನು ಮನೆಯಲ್ಲಿ ಮರಳಿ ತರಲು ಸಾಧ್ಯವಿಲ್ಲ.

ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ತನ್ನ ಮೈಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆಯೊಂದನ್ನು ತಾನೇ ಹೊದ್ದುಕೊಳ್ಳುತ್ತದೆ. ಕಬ್ಬಿಣದ ತುಕ್ಕಿನಂತೆ ಇದು ಉದುರುವುದಿಲ್ಲ. ಗೀರಿದರೆ ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆ ತುಕ್ಕು ಹಿಡಿಯದಿರುವುದೂ ಇದೇ ಪೊರೆಯಿಂದ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಈ ಮೇಲ್ಮೈ ನುಣುಪು, ಗಟ್ಟಿ. ಸಾಮಾನ್ಯ ಬಣ್ಣಕ್ಕೆ ಹಿಡಿದುಕೊಳ್ಳಲು ಸಣ್ಣ ಸಣ್ಣ ಗೀರು, ಗುಳಿಗಳು ಬೇಕು. ಅವು ಕ್ರೋಮಿಯಂ ಮೇಲೆ ಇಲ್ಲ. ಆದ್ದರಿಂದಲೇ ಬಣ್ಣ ಹೊಡೆಯುವವರು ಅದನ್ನು ಮೊದಲು ಉಜ್ಜಿ ಒರಟಾಗಿಸುತ್ತಾರೆ.

ಎರಡು ಹಿಡಿತಗಳು

ಯಾವುದೇ ಲೇಪಕ್ಕೆ ಎರಡು ಬಗೆಯ ಹಿಡಿತಗಳಿವೆ. ಒಂದು, ಲೇಪದ ಅಣುಗಳು ಕೆಳಗಿನ ವಸ್ತುವನ್ನು ಹಿಡಿದಿರುವ ಬಲ. ಇನ್ನೊಂದು, ಲೇಪದ ಅಣುಗಳು ತಮ್ಮತಮ್ಮಲ್ಲೇ ಹಿಡಿದುಕೊಂಡಿರುವ ಬಲ. ಮೊದಲನೆಯದನ್ನು ಹೊರಹಿಡಿತ, ಎರಡನೆಯದನ್ನು ಒಳಹಿಡಿತ ಎಂದು ಕರೆಯೋಣ. ಮನೆಗೆ ಹೊಡೆದ ಸುಣ್ಣವನ್ನು ಕೆರೆದರೆ ಪುಡಿಯಾಗಿ ಉದುರುತ್ತದೆ; ಅದರ ಒಳಹಿಡಿತ ಕಡಿಮೆ. ಅಂಗೈಗೆ ಮೆತ್ತಿಕೊಂಡು ಒಣಗಿದ ಫೆವಿಕಾಲ್ ಇಡಿಯಾಗಿ ಸುಲಿದು ಬರುತ್ತದೆ. ಅದರ ಒಳಹಿಡಿತ ಹೊರಹಿಡಿತಕ್ಕಿಂತ ಹೆಚ್ಚು. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವವರು ಮರದ ಗಾಯದ ಮೇಲೆ ಒಣಗಿದ ಹಾಲಿನ ಪಟ್ಟಿಯನ್ನು ಎಳೆದು ತೆಗೆದೇ ಹೊಸದಾಗಿ ಕೊಯ್ಯುತ್ತಾರೆ. ಅಲ್ಲಿ ನಡೆಯುವುದೂ ಇದೇ.

ಸುಲಿಯುವ ಲೇಪದ ಗುಟ್ಟು ಇಷ್ಟೇ: ಒಳಹಿಡಿತ ಹೊರಹಿಡಿತವನ್ನು ಗೆಲ್ಲಬೇಕು.

ಇದನ್ನು ಲೆಕ್ಕದಿಂದ ನೋಡೋಣ. 1 ಸೆಂ.ಮೀ. ಅಗಲದ ಪಟ್ಟಿಯನ್ನು ಗ್ರಿಲ್ಲಿನಿಂದ ಸುಲಿಯಲು 1 ನ್ಯೂಟನ್ ಬಲ ಬೇಕೆಂದು ಭಾವಿಸಿ; ಅಂದರೆ ಸುಮಾರು 100 ಗ್ರಾಂ ತೂಕದಷ್ಟು. ರಬ್ಬರ್ ಪೊರೆ ಚದರ ಮಿಲಿಮೀಟರಿಗೆ 5 ನ್ಯೂಟನ್ ತಡೆಯಬಲ್ಲದು, ಅದನ್ನು ಮೀರಿದರೆ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಪೊರೆ 20 ಮೈಕ್ರಾನ್ ದಪ್ಪವಿದ್ದರೆ 1 ಸೆಂ.ಮೀ. ಅಗಲದ ಪಟ್ಟಿಯ ಅಡ್ಡಕೊಯ್ತ 0.2 ಚದರ ಮಿ.ಮೀ. ಅದು ತಡೆಯುವ ಬಲ 1 ನ್ಯೂಟನ್. ಸುಲಿಯಲು ಬೇಕಾದದ್ದೂ ಅಷ್ಟೇ! ಹೀಗಾಗಿ ಎಳೆದಾಗ ಅದು ಸುಲಿಯುವ ಬದಲು ಹರಿದು ಚೂರುಚೂರಾಗಬಹುದು. ಅದೇ ಪೊರೆ 150 ಮೈಕ್ರಾನ್ ದಪ್ಪವಿದ್ದರೆ 7.5 ನ್ಯೂಟನ್ ತಡೆಯುತ್ತದೆ. ಹಾಳೆಯಂತೆ ಎದ್ದು ಬರುತ್ತದೆ. ಹೊರಹಿಡಿತ ಇರುವುದು ಮೇಲ್ಮೈಯಲ್ಲಿ. ದಪ್ಪ ಹೆಚ್ಚಿಸಿದರೆ ಅದು ಅಷ್ಟಾಗಿ ಬದಲಾಗುವುದಿಲ್ಲ. ಪೊರೆಯ ಬಲವಾದರೋ ದಪ್ಪದೊಂದಿಗೆ ಬೆಳೆಯುತ್ತದೆ. ಆದ್ದರಿಂದ ಲೇಪವನ್ನು ಉಳಿತಾಯ ಮಾಡಿ ತೆಳುವಾಗಿ ಹಾಕಿದವರಿಗೇ ತೆಗೆಯುವಾಗ ಕಷ್ಟ.

ಹಾಗಾದರೆ ಗಾಳಿಗೆ ಏಕೆ ಕಿತ್ತುಬರುವುದಿಲ್ಲ? ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 460 ನ್ಯೂಟನ್. ಒಂದು ಚದರ ಸೆಂಟಿಮೀಟರಿಗೆ ಇದು 0.05 ನ್ಯೂಟನ್ ಕೂಡ ಆಗುವುದಿಲ್ಲ. ಅದೂ ಗ್ರಿಲ್ಲಿನ ಎದುರು ಮುಖದಲ್ಲಿ ಪೊರೆಯನ್ನು ಎತ್ತುವ ಬದಲು ಒತ್ತುತ್ತದೆ. ಗಾಳಿಯ ಬಲ ಇಡೀ ಮೇಲ್ಮೈಯಲ್ಲಿ ಹರಡಿಹೋಗುತ್ತದೆ. ಉಗುರಿನಿಂದ ಎತ್ತುವಾಗ ಬೆರಳಿನ ಬಲವೆಲ್ಲ ಅಂಚಿನ ಒಂದು ಗೆರೆಯ ಮೇಲೆ ಬೀಳುತ್ತದೆ. ಹಿಡಿತ ಒಂದೇ, ಬಲ ಬೀಳುವ ರೀತಿ ಬೇರೆ. ಆದ್ದರಿಂದ ಲೇಪದ ಬಾಳಿಕೆ ಅದರ ಅಂಚಿನಲ್ಲಿದೆ. ಅಂಚುಗಳು ಗ್ರಿಲ್ ಪಟ್ಟಿಯ ಹಿಂಬದಿಗೆ ಮಡಿಚಿಕೊಂಡಿದ್ದರೆ ಗಾಳಿಗೂ ನೀರಿಗೂ ಎತ್ತಲು ತುದಿ ಸಿಗುವುದಿಲ್ಲ.

ದ್ರವ ಚರ್ಮವಾಗುವ ಬಗೆ

ಡಬ್ಬಿಯಲ್ಲಿರುವುದು ಕೃತಕ ರಬ್ಬರು, ಬಣ್ಣದ ಪುಡಿ, ಅವನ್ನು ಕರಗಿಸಿ ಹಿಡಿದಿಡುವ ದ್ರಾವಕಗಳು ಮತ್ತು ಹೊರಚಿಮ್ಮಿಸುವ ಅನಿಲ. ಟಾಲುಯಿನ್, ಕ್ಸೈಲೀನ್, ನಾಫ್ತಾ ಮುಂತಾದವು ಇಂತಹ ದ್ರಾವಕಗಳು. ರಬ್ಬರಿನ ಅಣುಗಳು ಸಿಕ್ಕುಬಿದ್ದ ನೂಲಿನ ಉಂಡೆಯಂತೆ ಉದ್ದುದ್ದ ಸರಪಳಿಗಳು. ಸಿಂಪಡಿಸಿದಾಗ ದ್ರಾವಕ ಆವಿಯಾಗಿ ಹಾರಿಹೋಗುತ್ತದೆ. ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಪೊರೆಯಾಗುತ್ತವೆ.

ಕಾರಿನ ಟೈರೂ ರಬ್ಬರೇ. ಆದರೆ ಟೈರಿನ ರಬ್ಬರನ್ನು ಗಂಧಕ ಸೇರಿಸಿ ಕಾಯಿಸಿರುತ್ತಾರೆ. ಅದರಿಂದ ಸರಪಳಿಗಳ ನಡುವೆ ಬಿಡಿಸಲಾಗದ ಗಂಟುಗಳು ಬೀಳುತ್ತವೆ. ಅದು ಯಾವ ದ್ರಾವಕದಲ್ಲೂ ಮತ್ತೆ ಕರಗುವುದಿಲ್ಲ. ಸಿಂಪಡಿಸುವ ರಬ್ಬರಿನಲ್ಲಿ ಅಂತಹ ಗಂಟುಗಳಿಲ್ಲ. ಇದರಿಂದ ಒಂದು ಲಾಭ, ಒಂದು ನಷ್ಟ. ಎರಡನೆಯ ಸಲ ಸಿಂಪಡಿಸಿದಾಗ ಅದರ ದ್ರಾವಕ ಮೊದಲ ಪದರದ ಮೇಲ್ಭಾಗವನ್ನು ಕೊಂಚ ಕರಗಿಸುತ್ತದೆ, ಎರಡೂ ಬೆಸೆದುಕೊಳ್ಳುತ್ತವೆ. ಹೀಗೆ ಐದು ಪದರಗಳು ಕೊನೆಗೆ ಒಂದೇ ಪೊರೆಯಾಗುತ್ತವೆ. ಇದು ಲಾಭ. ಪೆಟ್ರೋಲ್ ಚೆಲ್ಲಿದರೆ ಲೇಪ ಮೆತ್ತಗಾಗಿ ಹಾಳಾಗುತ್ತದೆ. ಇದು ನಷ್ಟ.

ಲೇಪ ಹಾಕುವ ಕ್ರಮ

ಈ ಕೆಲಸ ಹಿರಿಯರೊಬ್ಬರ ಜೊತೆಯಲ್ಲಿಯೇ ನಡೆಯಬೇಕು. ಇಲ್ಲಿ ಹೇಳಿರುವ ಸಮಯದ ಅಂದಾಜು ಡಬ್ಬಿಯಿಂದ ಡಬ್ಬಿಗೆ ಬೇರೆಯಾಗಬಹುದು. ಡಬ್ಬಿಯ ಮೇಲಿನ ಸೂಚನೆಯೇ ಅಂತಿಮ.

1. ಸಾಧ್ಯವಾದರೆ ಗ್ರಿಲ್ಲನ್ನು ಕಾರಿನಿಂದ ಬಿಚ್ಚಿ ತೆಗೆಯಿರಿ. ಬಿಚ್ಚಲಾಗದಿದ್ದರೆ ಸುತ್ತಲಿನ ಭಾಗಕ್ಕೆ ಮಾಸ್ಕಿಂಗ್ ಟೇಪ್ ಮತ್ತು ಹಳೆಯ ಪತ್ರಿಕೆ ಅಂಟಿಸಿ. ಹಿಂದಿರುವ ರೇಡಿಯೇಟರಿನ ಸಣ್ಣ ರೆಕ್ಕೆಗಳ ಮೇಲೆ ರಬ್ಬರ್ ಬೀಳಬಾರದು.

2. ಸಾಬೂನು ನೀರಿನಿಂದ ತೊಳೆದು ಒಣಗಿಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಪಾಲಿಶ್, ಮೇಣ, ಎಣ್ಣೆಯ ಪಸೆ ಉಳಿದರೆ ಹೊರಹಿಡಿತ ತೀರಾ ಕಡಿಮೆಯಾಗಿ ಲೇಪ ಗುಳ್ಳೆ ಏಳುತ್ತದೆ. ಕಾವಲಿಗೆ ಎಣ್ಣೆ ಸವರಿದರೆ ದೋಸೆ ಏಳುವುದು ಒಳ್ಳೆಯದೇ. ಇಲ್ಲಿ ಲೇಪ ತಾನಾಗಿ ಏಳಬಾರದು.

3. ಉಪ್ಪುಕಾಗದ ಹಾಕಬೇಡಿ. ಸಾಮಾನ್ಯ ಬಣ್ಣಕ್ಕೂ ಈ ಲೇಪಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಒರಟು ಮೇಲ್ಮೈಯ ಗೀರುಗಳಲ್ಲಿ ರಬ್ಬರ್ ಇಳಿದು ಕಚ್ಚಿಕೊಂಡರೆ ಮತ್ತೆ ಸುಲಿಯುವುದು ಕಷ್ಟ. ಜೊತೆಗೆ ಕ್ರೋಮಿಯಂ ಕೂಡ ಹೋಗುತ್ತದೆ.

4. ಡಬ್ಬಿಯನ್ನು ಒಂದು ನಿಮಿಷ ಚೆನ್ನಾಗಿ ಕುಲುಕಿ, ಸುಮಾರು 15 ಸೆಂ.ಮೀ. ದೂರದಿಂದ ಕೈಯಾಡಿಸುತ್ತ ಸಿಂಪಡಿಸಿ. ಮೊದಲ ಪದರದಲ್ಲಿ ಕ್ರೋಮಿಯಂ ಅರ್ಧ ಕಾಣುತ್ತಿರಲಿ. ಒಮ್ಮೆಗೇ ದಪ್ಪವಾಗಿ ಹೊಡೆದರೆ ಇಳಿಬೀಳುತ್ತದೆ. ಒಳಗೆ ಸಿಕ್ಕಿದ ದ್ರಾವಕ ಹೊರಬರಲಾರದೆ ಗುಳ್ಳೆಯಾಗುತ್ತದೆ.

5. ಪ್ರತಿ ಪದರಕ್ಕೂ 15ರಿಂದ 30 ನಿಮಿಷ ಆರಲು ಬಿಟ್ಟು, ಒಟ್ಟು ಐದಾರು ಪದರ ಹಾಕಿ. ಪಟ್ಟಿಗಳ ಅಂಚು, ಸಂದುಗಳಿಗೂ ಬೀಳುವಂತೆ ಬೇರೆ ಬೇರೆ ಕೋನದಿಂದ ಸಿಂಪಡಿಸಿ.

6. ಮಾಸ್ಕಿಂಗ್ ಟೇಪನ್ನು ಕೊನೆಯ ಪದರ ಹಸಿಯಾಗಿರುವಾಗಲೇ ತೆಗೆಯಿರಿ. ಒಣಗಿದ ಮೇಲೆ ಟೇಪಿನ ಮೇಲಿನ ಪೊರೆಯೂ ಗ್ರಿಲ್ಲಿನ ಮೇಲಿನ ಪೊರೆಯೂ ಒಂದೇ ಆಗಿರುತ್ತವೆ. ಟೇಪ್ ಎಳೆದರೆ ಲೇಪವೂ ಬರುತ್ತದೆ.

7. ಕೆಲವು ಗಂಟೆಗಳಲ್ಲಿ ಮುಟ್ಟಲು ಒಣಗಿದ್ದರೂ ಒಂದು ದಿನ ಕಳೆಯುವವರೆಗೆ ತೊಳೆಯಬೇಡಿ. ಸುಡುಬಿಸಿಲಿನಲ್ಲಿ, ಮಳೆಯ ತೇವದಲ್ಲಿ ಈ ಕೆಲಸ ಬೇಡ.

ಮುಂದೆ ಲೇಪ ಬೇಡವೆನಿಸಿದಾಗ ಹಿಂಬದಿಯ ಅಂಚನ್ನು ಬೆರಳಿನಿಂದ ಉಜ್ಜಿ ಎಬ್ಬಿಸಿ, ನಿಧಾನವಾಗಿ ಅಗಲವಾಗಿ ಎಳೆಯಿರಿ. ತೆಳುವಾದ ಕಡೆ ಹರಿದರೆ, ಅಲ್ಲಿ ಇನ್ನೆರಡು ಪದರ ಸಿಂಪಡಿಸಿ ಒಣಗಿಸಿ ಮತ್ತೆ ಸುಲಿಯಬಹುದು. ಹೊಸ ಪದರ ಹಳೆಯದರೊಂದಿಗೆ ಬೆಸೆದು ಅದನ್ನು ದಪ್ಪಗೊಳಿಸುತ್ತದೆ ಎಂಬುದು ನಿಮಗೆ ಈಗಾಗಲೇ ಗೊತ್ತು. ತೆಗೆದ ಪೊರೆಯನ್ನು ಸುಡಬಾರದು, ಒಣಕಸಕ್ಕೆ ಹಾಕಬೇಕು.

ಎಚ್ಚರಿಕೆಗಳು

ಡಬ್ಬಿಯ ಅನಿಲವೂ ದ್ರಾವಕವೂ ಬೇಗ ಬೆಂಕಿ ಹಿಡಿಯುವಂಥವು. ಅವುಗಳ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ, ಒಲೆ, ಬೀಡಿ, ಸ್ವಿಚ್ಚಿನ ಕಿಡಿ ಇರುವಲ್ಲಿ ಸಿಂಪಡಿಸಲೇಬಾರದು. ಆವಿಯನ್ನು ಉಸಿರಾಡಿದರೆ ತಲೆ ಸುತ್ತು, ತಲೆನೋವು ಬರುತ್ತವೆ. ದಿನದಿನವೂ ಉಸಿರಾಡುವವರ ನರಮಂಡಲಕ್ಕೆ ಹಾನಿಯಾಗುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಹನಿಗಳನ್ನು ಕೊಂಚ ತಡೆದೀತು, ಆವಿಯನ್ನು ತಡೆಯದು. ಅದಕ್ಕೆ ಇದ್ದಿಲಿನ ಸೋಸುಕವಿರುವ ಮುಖವಾಡ ಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಡಬ್ಬಿಯನ್ನು ಬಿಟ್ಟುಹೋಗುವುದೂ ಅಪಾಯ.

ಇತ್ತೀಚಿನ ಕೆಲವು ಕಾರುಗಳಲ್ಲಿ ಗ್ರಿಲ್ಲಿನ ಲಾಂಛನದ ಹಿಂದೆ ರೇಡಾರ್ ಇರುತ್ತದೆ. ಎದುರಿನ ವಾಹನದ ದೂರ ಅಳೆದು ಬ್ರೇಕಿಗೆ ನೆರವಾಗುವುದು ಅದರ ಕೆಲಸ. ಅದರ ಮೇಲೆ ಲೇಪ ಬಿದ್ದರೆ ಅಲೆಗಳಿಗೆ ಅಡ್ಡಿಯಾಗಬಹುದು. ದೀಪಗಳು, ನಂಬರ್ ಪ್ಲೇಟು, ರೇಡಾರ್ ಈ ಮೂರನ್ನೂ ಮುಟ್ಟಬಾರದು. ಇನ್ನು ಕಾರಿನ ಬಣ್ಣ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಗ್ರಿಲ್ಲಿನ ಮಾತು ಬೇರೆ. ಇಡೀ ಕಾರಿಗೆ ಬೇರೆ ಬಣ್ಣ ಕೊಡುವವರು ಸಾರಿಗೆ ಕಚೇರಿಯನ್ನು ಕೇಳಿಯೇ ಮುಂದುವರಿಯಬೇಕು.

ಇನ್ನೊಂದು ಮಾತು. ಕ್ರೋಮಿಯಂ ಈಗಾಗಲೇ ಗುಳ್ಳೆ ಎದ್ದು, ತುಕ್ಕು ತೋರಿದ ಗ್ರಿಲ್ಲಿಗೆ ಈ ಲೇಪ ಔಷಧವಲ್ಲ. ತುಕ್ಕಿನ ಗುಳಿಗಳಲ್ಲಿ ಉಳಿದ ತೇವವನ್ನು ರಬ್ಬರ್ ಒಳಗೇ ಮುಚ್ಚಿಡುತ್ತದೆ. ಕಣ್ಣಿಗೆ ಕಾಣದಿದ್ದರೂ ತುಕ್ಕು ಬೆಳೆಯುತ್ತಲೇ ಇರುತ್ತದೆ. ಚೆನ್ನಾಗಿರುವ ಕ್ರೋಮಿಯಂ ಅನ್ನು ಕಾಪಾಡಲು ಈ ಲೇಪ ಯೋಗ್ಯ. ಕೆಟ್ಟದ್ದನ್ನು ಮರೆಮಾಡಲು ಅಲ್ಲ.

ಇದರಿಂದ ಏನು ಉಳಿಯುತ್ತದೆ?

ಬಣ್ಣ ಬದಲಿಸುವ ಆಸೆಗೆ ಇಷ್ಟೊಂದು ವಿವರ ಏಕೆ ಎಂದು ಕೇಳಬಹುದು. ಹಾಳಾದ ಕ್ರೋಮಿಯಂ ಅನ್ನು ಮತ್ತೆ ಲೇಪಿಸುವುದರ ಬೆಲೆ ಹಣದಲ್ಲಿ ಮಾತ್ರ ಇಲ್ಲ. ಸಾಂಪ್ರದಾಯಿಕ ಲೇಪನದ ತೊಟ್ಟಿಯಲ್ಲಿರುವುದು ಕ್ರೋಮಿಕ್ ಆಮ್ಲ. ಅದರಲ್ಲಿನ ಕ್ರೋಮಿಯಂ ಆರು ವೇಲೆನ್ಸಿಯದು. ಗ್ರಿಲ್ಲಿನ ಮೇಲಿನ ಲೋಹ ನಿರುಪದ್ರವಿ. ಈ ರೂಪ ಮಾತ್ರ ವಿಷ. ವಿದ್ಯುತ್ ಹರಿಯುವಾಗ ಏಳುವ ಗುಳ್ಳೆಗಳು ಒಡೆದು ಆಮ್ಲದ ಮಂಜು ಗಾಳಿಗೆ ಸೇರುತ್ತದೆ. ಅದನ್ನು ಉಸಿರಾಡುವ ಕೆಲಸಗಾರರ ಮೂಗಿನ ಒಳಗೋಡೆ ಹುಣ್ಣಾಗಿ ತೂತು ಬೀಳುವುದುಂಟು. ಇಂತಹ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ವರ್ಗೀಕರಿಸಿತು. ಯುರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರ ನಂತರ ಕ್ರೋಮಿಯಂ ಟ್ರೈಆಕ್ಸೈಡಿನ ಬಳಕೆಗೆ ವಿಶೇಷ ಅನುಮತಿ ಬೇಕಾಯಿತು. ಮೂರು ವೇಲೆನ್ಸಿಯ, ಕಡಿಮೆ ಅಪಾಯದ ಕ್ರೋಮಿಯಂ ಬಳಸುವ ವಿಧಾನಗಳೂ ಬಂದಿವೆ.

ಇದು ದೂರದ ಊರಿನ ಕಥೆಯಲ್ಲ. ವಿದ್ಯುಲ್ಲೇಪನದ ಹಲವು ಘಟಕಗಳಿರುವ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮ್ ಮೀರಬಾರದು ಎಂಬುದು ಭಾರತೀಯ ಮಾನಕ. ಭೂಮಿಯೊಳಗಿನ ನೀರಿಗೆ ಒಮ್ಮೆ ಸೇರಿದ್ದನ್ನು ಸುಲಿದು ತೆಗೆಯಲು ಬರುವುದಿಲ್ಲ.

ರಬ್ಬರ್ ಲೇಪ ಸಂಪೂರ್ಣ ನಿರ್ದೋಷಿ ಎಂದು ಇದರ ಅರ್ಥವಲ್ಲ. ಅದರ ದ್ರಾವಕಗಳು ಗಾಳಿಯನ್ನು ಕೆಡಿಸುತ್ತವೆ. ಸುಲಿದ ಪೊರೆ ಕಸವಾಗುತ್ತದೆ. ಆದರೆ ಒಂದು ಒಳ್ಳೆಯ ಗ್ರಿಲ್ಲನ್ನು ಉಜ್ಜಿ ಕೆಡಿಸಿ, ಮತ್ತೆ ಆಮ್ಲದ ತೊಟ್ಟಿಗೆ ಕಳಿಸುವುದನ್ನು ಅದು ತಪ್ಪಿಸುತ್ತದೆ. ಕಾರಿನ ಮುಂದಿನ ಒಡೆಯನಿಗೆ ಕ್ರೋಮಿಯಂ ಹೊಳಪೇ ಇಷ್ಟವಾದರೆ, ಅವನಿಗೆ ಅದು ಇದ್ದ ಹಾಗೆಯೇ ಸಿಗುತ್ತದೆ.

ನೀವೇ ಮಾಡಿ ನೋಡಿ

ಇದೇ ತತ್ವವನ್ನು ಅಪಾಯವಿಲ್ಲದೆ ಪರೀಕ್ಷಿಸಬಹುದು. ಉಪಯೋಗದಲ್ಲಿಲ್ಲದ ಒಂದು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಅದರ ಮೈಮೇಲೆ ಇರುವುದೂ ಕ್ರೋಮಿಯಂ ಆಕ್ಸೈಡೇ. ಸಾಬೂನಿನಿಂದ ತೊಳೆದು ಒಣಗಿಸಿ, ನಾಲ್ಕು ಕಡೆ ಬಿಳಿ ಫೆವಿಕಾಲ್ ಸವರಿ. ಮೊದಲನೆಯ ಕಡೆ ತೆಳುವಾಗಿ ಒಂದೇ ಪದರ. ಎರಡನೆಯ ಕಡೆ, ಪ್ರತಿಸಲವೂ ಒಣಗಲು ಬಿಟ್ಟು, ಐದು ಪದರ. ಮೂರನೆಯ ಕಡೆ ಮೊದಲೇ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಐದು ಪದರ. ನಾಲ್ಕನೆಯ ಕಡೆ ಉಪ್ಪುಕಾಗದದಿಂದ ಉಜ್ಜಿ, ಮೇಲೆ ಐದು ಪದರ. ಪೂರ್ತಿ ಒಣಗಿದ ಮೇಲೆ ಒಂದೊಂದನ್ನೂ ಅಂಚಿನಿಂದ ಎಬ್ಬಿಸಿ ಎಳೆಯಿರಿ. ಯಾವುದು ಹರಿಯಿತು, ಯಾವುದು ಹಾಳೆಯಾಗಿ ಬಂತು, ಯಾವುದು ಮುಟ್ಟುವ ಮೊದಲೇ ಎದ್ದಿತ್ತು, ಯಾವುದು ಕಚ್ಚಿ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ನಾಲ್ಕರಲ್ಲೂ ಅಂಟು ಒಂದೇ, ತಟ್ಟೆ ಒಂದೇ. ಬೇರೆಯಾದದ್ದು ಒಳಹಿಡಿತ, ಹೊರಹಿಡಿತಗಳ ತಕ್ಕಡಿ ಮಾತ್ರ.